ಪಡುವಣ ಜಗಲಿಯ ತಟ್ಟಿ

ಮಾರ್ಚಿ ಕೊನೆಯ ವಾರದ ಒಂದು ಮಧ್ಯಾಹ್ನ, ಗಂಟೆ ಮೂರು. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗಿಳಿದ ಮಣ್ಣುದಾರಿ ಮುಗಿಯುವಲ್ಲಿ ನಮ್ಮ ದೊಡ್ಡಮ್ಮನ ಮನೆ. ಎಂಟು ದಿನದ ಹಿಂದೆ ಒಂದು ಇಂಚು ಇಪ್ಪತ್ತು ಸೆಂಟ್ಸ್ ಮಳೆ ಬಿದ್ದಿತ್ತು. ಈ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಂಚು, ಇಂಚಿಗೆ ನೂರು ಸೆಂಟ್ಸ್, ಅಷ್ಟೇ ಲೆಕ್ಕ. ಆ ಹೂಮಳೆಗೆ ರೊಬಸ್ಟಾ ಅವತ್ತು ಬೆಳಿಗ್ಗೆಯೇ ಅರಳಿ ನಿಂತಿತ್ತು. ದಾರಿಯುದ್ದಕ್ಕೂ ಮಲ್ಲಿಗೆಯಂಥ ಪರಿಮಳ, ಜೇನಿನ ಗುಂಯ್ಗುಟ್ಟುವಿಕೆ. ತೋಟದೊಳಗೆ ನಡೆದರೆ ಮೈಮೇಲೆ ಒದ್ದೆ ಪಂಚೆ ಹೊದ್ದ ಹಾಗೆ ತಂಪು. ಗಿಡದ ಮೇಲೆ ಹಾಲುವಾಣ, ಅದರ ಮೇಲೆ ಸಿಲ್ವರ್ ಓಕ್, ಅದಕ್ಕೂ ಮೇಲೆ ಯಾವ ಕಾಲದವೋ ಅತ್ತಿ, ನಂದಿ, ಹಲಸು. ಅಷ್ಟು ಕೈ ದಾಟಿ ನೆಲಕ್ಕೆ ಬೀಳುವ ಹೊತ್ತಿಗೆ ಬಿಸಿಲು ಚಿಲ್ಲರೆಯಾಗಿರುತ್ತದೆ. ಅಂಗಳಕ್ಕೆ ಕಾಲಿಟ್ಟರೆ ಮಾತ್ರ ಮುರಿಯದ ನೋಟು.

ಅಲ್ಲಿರುವುದು ಬೆನ್ನಿಗೆ ಬೆನ್ನು ಹಚ್ಚಿದ ಎರಡು ಮನೆ. ಹಿಂದಿನದು ಮಂಗಳೂರು ಹೆಂಚಿನ ಹಳೆಯದು. ಅದರ ಪಡುವಣ ಮಗ್ಗುಲಿಗೆ ಮೂರು ವರ್ಷದ ಹಿಂದೆ ಅಣ್ಣ ಅಂಟಿಸಿದ್ದು ಹೋಂಸ್ಟೇ: ಎತ್ತರದ ಮಾಡು, ನೆಲದಿಂದ ಸೂರಿನವರೆಗೆ ಗಾಜು, ಗಾಜಿನ ಮುಂದೆ ತೆರೆದ ಜಗಲಿ. ಅದನ್ನು ಅಣ್ಣ ಸಿಟೌಟ್ ಎನ್ನುತ್ತಾನೆ, ಬೆಂಗಳೂರಿನಿಂದ ಬರುವವರು ಪ್ಯಾಟಿಯೊ ಎನ್ನುತ್ತಾರೆ, ದೊಡ್ಡಮ್ಮ ‘ಆ ಕಡೆ ಜಗಲಿ’ ಅಂದು ಮುಗಿಸುತ್ತಾರೆ. ಎದುರಿಗೆ ಕಣಿವೆ, ಕಣಿವೆಯಾಚೆ ಚಾರ್ಮಾಡಿ ದಿಕ್ಕಿನ ಗುಡ್ಡದ ಸಾಲು ಒಂದರ ಹಿಂದೊಂದು ನೀಲಿಯಾಗುತ್ತ ಹೋಗುತ್ತದೆ. ಹೋಂಸ್ಟೇಯಲ್ಲಿ ಮಾರಾಟಕ್ಕಿರುವುದೇ ಅದು. ಮುಳುಗುವ ಸೂರ್ಯನನ್ನು ನೋಡಲು ದುಡ್ಡು ಕೊಟ್ಟು ಬಂದವರು, ಮುಳುಗಲು ಇನ್ನೂ ಮೂರು ಗಂಟೆ ಇರುವ ಸೂರ್ಯನನ್ನು ಕಂಡು ಒಳಗೆ ಓಡುತ್ತಿದ್ದರು. ಒಳಗೆ ಹೋದರೂ ಬಿಡುಗಡೆಯಿಲ್ಲ. ಅಣ್ಣ ಗಾಜಿನ ಒಳಬದಿಗೆ ದಪ್ಪ ಪರದೆ ಹಾಕಿಸಿದ್ದ. ಪರದೆಗೂ ಗಾಜಿಗೂ ನಡುವೆ ಕೈಯಿಟ್ಟರೆ ರೊಟ್ಟಿ ಬೇಯುವಷ್ಟು ಶಾಖ. ಆಮೇಲೆ ಫ್ಯಾನು, ಆಮೇಲೆ ಏಸಿಯ ಮಾತು. ಮೂಡಿಗೆರೆ ಸೀಮೆಯ ಮನೆಯಲ್ಲಿ ಏಸಿ! ಇಪ್ಪತ್ತು ವರ್ಷದ ಹಿಂದೆ ಫ್ಯಾನಿಲ್ಲದ ಮನೆ ಇಲ್ಲಿ ಬಡತನದ ಗುರುತಾಗಿರಲಿಲ್ಲ, ಹೆಮ್ಮೆಯ ಮಾತಾಗಿತ್ತು.

ಅವತ್ತು ಚಿಕ್ಕಮಗಳೂರಿನಿಂದ ಒಂದು ಗೂಡ್ಸ್ ಆಟೊ ಬಂದಿತ್ತು. ಅದರಿಂದ ಉದ್ದುದ್ದ ರಟ್ಟಿನ ಕೊಳವೆ ಇಳಿಸುತ್ತಿದ್ದವರು ಇಬ್ಬರು: ನಲವತ್ತು ದಾಟಿದ ಒಬ್ಬ ಮೇಸ್ತ್ರಿ, ಇನ್ನೂ ಮೀಸೆ ಬಲಿಯದ ಒಬ್ಬ ಹುಡುಗ. ಕೊಳವೆಯೊಳಗೆ ಇದ್ದದ್ದು ಹೊರಗಡೆ ಹಾಕುವ ರೋಲರ್ ಪರದೆ. ದೊಡ್ಡಮ್ಮ ಹಳೆಯ ಮನೆಯ ಬಾಗಿಲಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದವರು ಕೈ ನಿಲ್ಲಿಸಿ ನೋಡಿದರು.

“ಏನಪ್ಪಾ ಅದು, ಚಾಪೆನಾ?”

“ಚಾಪೆ ಥರಾನೇ ಅಮ್ಮ. ಸೂರಿಗೆ ನೇತು ಹಾಕದು. ಬೇಕಾದಾಗ ಇಳಸದು, ಬ್ಯಾಡ ಅಂದಾಗ ಸುತ್ತದು.”

“ತಟ್ಟಿ ಅನ್ನು ಮತ್ತೆ.”

ಮೇಸ್ತ್ರಿ ನಕ್ಕ. ನನಗೆ ಮಾತ್ರ ಅಲ್ಲಿಂದ ಮುಂದೆ ಆ ವಸ್ತುವಿಗೆ ಬೇರೆ ಹೆಸರು ಸರಿಬರಲಿಲ್ಲ.

ತಟ್ಟಿ ಎಂದರೆ ಈ ಮನೆಗೆ ಹೊಸದಲ್ಲ. ಮೃಗಶಿರ ಮಳೆ ಹಿಡಿಯುವ ಮೊದಲು ಅಡಿಕೆ ಸೋಗೆಯನ್ನು ದಬ್ಬೆಗಳ ನಡುವೆ ಒತ್ತಿ ಕಟ್ಟಿ ಸೂರಿನಂಚಿಗೆ ನೇತುಹಾಕುವುದು ವರ್ಷವರ್ಷದ ಕೆಲಸ. ಅದು ಎರಚಲು ತಡೆಯಲು. ಪಡುವಣದಿಂದ ಅಡ್ಡಡ್ಡ ಬೀಸುವ ಆಷಾಢದ ಮಳೆ ಜಗಲಿ ದಾಟಿ ನಡುಮನೆಯ ಹೊಸಿಲನ್ನು ತೋಯಿಸುತ್ತಿತ್ತು. ದೀಪಾವಳಿ ಹೊತ್ತಿಗೆ ತಟ್ಟಿ ಬಿಚ್ಚಿದರೆ ಅದು ಕೊಟ್ಟಿಗೆಯ ಸೊಪ್ಪಿನ ಜೊತೆ ಗೊಬ್ಬರದ ಗುಂಡಿಗೆ. ಬೇಸಿಗೆಗೆ ಇನ್ನೊಂದು ಉಪಾಯ. ಕಾಫಿ ಮನೆಯಲ್ಲಿ ಗೋಣಿಚೀಲಕ್ಕೆ ಬರವಿಲ್ಲ. ನಾಲ್ಕು ಚೀಲ ಬಿಚ್ಚಿ ಹೊಲಿದ ಗೋಣಿತಾಟನ್ನು ಪಡುವಣ ಕಂಬಗಳ ನಡುವೆ ಕಟ್ಟಿ ಮಧ್ಯಾಹ್ನ ಒಂದು ಕೊಡ ನೀರು ಎರಚುವುದು. ಬಯಲುಸೀಮೆಯ ದೊಡ್ಡ ಬಂಗಲೆಗಳಲ್ಲಿ ಇದೇ ಕೆಲಸವನ್ನು ಲಾವಂಚದ ತಟ್ಟಿ ಮಾಡುತ್ತಿತ್ತು, ಜೊತೆಗೆ ಪರಿಮಳ ಬೇರೆ. ನಮ್ಮದರಲ್ಲಿ ಬರುತ್ತಿದ್ದದ್ದು ಒದ್ದೆ ಗೋಣಿಯ ವಾಸನೆ. ಈಗಲೂ ಎಲ್ಲಾದರೂ ಆ ವಾಸನೆ ಮೂಗಿಗೆ ಬಡಿದರೆ ನನಗೆ ರಜೆಯ ನೆನಪು. ಬ್ರಿಟಿಷ್ ತೋಟಗಾರರ ಬಂಗಲೆಯ ವರಾಂಡಗಳಲ್ಲಿ ಬಿದಿರು ಸೀಳಿನ ಚಿಕ್ ಇಳಿಬಿದ್ದಿರುತ್ತಿತ್ತು, ಹಗ್ಗ ಎಳೆದರೆ ಸುರುಳಿ ಸುತ್ತಿ ಮೇಲೇರುವಂಥದ್ದು. ಜಪಾನಿನವರು ಸುದಾರೆ ಎಂದು ಕರೆಯುವ ಬಿದಿರ ಪರದೆಯೂ ಸೂರಿನಿಂದ ಹೊರಕ್ಕೇ ತೂಗುತ್ತದೆ. ಸ್ಪೇನಿನ ಊರುಗಳಲ್ಲಿ ಕಿಟಕಿಯ ಹೊರಗೆ ಸುರುಳಿ ಬಾಗಿಲಿಲ್ಲದ ಮನೆ ಅಪರೂಪ. ಬಿಸಿಲು ಕಂಡ ಜನ ಎಲ್ಲ ಕಡೆಯೂ ಬಿಸಿಲನ್ನು ಹೊಸಿಲಾಚೆಯೇ ನಿಲ್ಲಿಸಿ ಮಾತಾಡಿಸಿದ್ದಾರೆ.

ಒಳಗೆ ಕರೆದು ಕೂರಿಸಿ ಆಮೇಲೆ ಹೋಗು ಎಂದರೆ ಹೋಗುವ ನೆಂಟನಲ್ಲ ಅದು. ಸಾದಾ ಗಾಜು ತನ್ನ ಮೇಲೆ ನೇರ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಒಳಗೆ ಬಿಡುತ್ತದೆ. ಒಳಗೆ ಬಂದದ್ದು ನೆಲ, ಸೋಫಾ, ಪರದೆಗಳನ್ನು ಕಾಯಿಸುತ್ತದೆ. ಕಾದ ವಸ್ತು ತಿರುಗಿ ಬಿಡುವ ಶಾಖ ಬೇರೆ ಜಾತಿಯದು. ಗಾಜು ಅದನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಹಾಗಾಗಿ ಗಾಜಿನ ಒಳಬದಿಯ ಪರದೆ ಕಣ್ಣಿಗೆ ನೆರಳು ಕೊಡುತ್ತದೆ, ಮೈಗೆ ಕೊಡುವುದು ಅಷ್ಟಕ್ಕಷ್ಟೆ. ಅದೇ ಬಟ್ಟೆಯನ್ನು ಗಾಜಿನ ಹೊರಗೆ ನಾಲ್ಕಾರು ಇಂಚು ಬಿಟ್ಟು ತೂಗಿದರೆ ಕಾಯುವುದು ಬಟ್ಟೆ, ಆ ಕಾವನ್ನು ಹೊತ್ತುಕೊಂಡು ಹೋಗುವುದು ಬಯಲ ಗಾಳಿ.

ಇದನ್ನು ಕಾಫಿ ಬೆಳೆಯುವವನಿಗೆ ಹೇಳಿಕೊಡಬೇಕೇ? ಅದೇ ಸೋಜಿಗ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಗೆ ಬಂದ ತೋಟಗಾರರಲ್ಲಿ ಹಲವರು ಕಾಡು ಕಡಿದು ಬಟಾಬಯಲಿನಲ್ಲಿ ಕಾಫಿ ಇಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಬಿದ್ದು ತೋಟಕ್ಕೆ ತೋಟವೇ ಒಣಗಿದಾಗ ಬುದ್ಧಿ ಬಂತು. ಆ ಹುಳದ ದುಂಬಿ ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿ ಅರೇಬಿಕಾದ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ನೆರಳು ಅದಕ್ಕೆ ಆಗಿಬರುವುದಿಲ್ಲ. ಆಮೇಲೆ ನೆರಳು ಎನ್ನುವುದು ಈ ಬೆಟ್ಟಗಳಲ್ಲಿ ಒಂದು ವಿದ್ಯೆಯೇ ಆಯಿತು. ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸೀಮೆಯ ಕಾಫಿ ಬೇಸಾಯದ ಬಗ್ಗೆ ತಂದ ಪುಸ್ತಕದಲ್ಲಿ ನೆರಳಿನ ಮರಗಳ ವಿಚಾರವನ್ನು ಪುಟಗಟ್ಟಲೆ ಬರೆದಿದ್ದಾನೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಪ್ರಯೋಗ ಕೇಂದ್ರದಿಂದ ಹಿಡಿದು ಮೊನ್ನೆ ಮೊನ್ನೆ ತೋಟ ಕೊಂಡ ಸಾಫ್ಟ್‌ವೇರ್ ಹುಡುಗನವರೆಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನೆರಳು ಎಷ್ಟು? ಕಮ್ಮಿಯಾದರೆ ಎಲೆ ಸುಡುತ್ತದೆ, ಹೆಚ್ಚಾದರೆ ಕಾಯಿ ಕಟ್ಟುವುದಿಲ್ಲ, ಮಳೆಗಾಲದಲ್ಲಿ ಕೊಳೆ ಹಿಡಿಯುತ್ತದೆ. ಅದಕ್ಕೇ ಮುಂಗಾರಿಗೆ ಮುಂಚೆ ಮರಗಸಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡವನು ಹಾಲುವಾಣದ ತುದಿಗೇರಿ ಕತ್ತಿಯಲ್ಲಿ ರೆಂಬೆ ಇಳಿಸುತ್ತಿದ್ದರೆ ಕೆಳಗಿನಿಂದ ಯಜಮಾನ, ಅದು ಬೇಡ, ಇದು ತೆಗಿ, ಪಡುವಣದ್ದು ಇರಲಿ ಎಂದು ಕೂಗುತ್ತಿರುತ್ತಾನೆ. ಬೇಕಾದಾಗ ಇಳಿಸಿ ಬೇಡವಾದಾಗ ಎತ್ತುವ ನೆರಳು ನಮಗೆ ನೂರೈವತ್ತು ವರ್ಷದಿಂದ ಗೊತ್ತು, ವರ್ಷಕ್ಕೊಮ್ಮೆ ಎತ್ತುತ್ತೇವೆ, ಅಷ್ಟೆ.

ಗಿಡಕ್ಕೆ ಕೊಟ್ಟ ಈ ಮರ್ಯಾದೆಯನ್ನು ಮನೆಗೆ ಕೊಡುವುದು ಮರೆತದ್ದು ಯಾವಾಗ? ಸೂರು ಎತ್ತರವಾದಾಗ ಎಂದು ನನ್ನ ಗುಮಾನಿ. ದೊಡ್ಡಮ್ಮನ ಹಳೆಯ ಮನೆಯ ಸೂರು ಎಷ್ಟು ತಗ್ಗೆಂದರೆ ಅಂಗಳದಿಂದ ಜಗಲಿ ಹತ್ತುವಾಗ ತಲೆ ಬಗ್ಗಿಸಲೇಬೇಕು; ಬಗ್ಗಿಸದ ಅಳಿಯಂದಿರು ಹಣೆ ಉಜ್ಜಿಕೊಂಡ ಕತೆ ಪ್ರತಿ ಮನೆಯಲ್ಲೂ ಇದೆ. ಪಕಾಸು, ರೀಪು, ಹೆಂಚು ಎಲ್ಲ ಇಳಿಜಾರಾಗಿ ಹೊರಕ್ಕೆ ಚಾಚಿ ಬಿಸಿಲನ್ನೂ ಮಳೆಯನ್ನೂ ಒಂದೇ ಏಟಿಗೆ ತಡೆಯುತ್ತಿದ್ದವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಇಟ್ಟ ಮೇಲೆ ಘಟ್ಟ ಹತ್ತಿ ಬಂದ ಹೆಂಚು ಅದು. ಒಳಗೆ ಕತ್ತಲೆ ನಿಜ. ಹಗಲು ಹನ್ನೆರಡಕ್ಕೂ ದೇವರ ಮನೆಯಲ್ಲಿ ದೀಪ ಬೇಕು. ಆ ಕತ್ತಲೆಗೆ ಬೇಸತ್ತ ಮಕ್ಕಳೇ ಮುಂದೆ ಗಾಜಿನ ಮನೆ ಕಟ್ಟಿದ್ದು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೈಮರ ದಾಟಿ ಮುಳ್ಳಯ್ಯನಗಿರಿ ಹಾದಿ ಹಿಡಿದರೂ ಅಷ್ಟೆ, ಕಳಸದಿಂದ ಹೊರನಾಡಿಗೆ ಹೋಗುವ ಹಾದಿಯಲ್ಲೂ ಅಷ್ಟೆ, ಇಳಿಜಾರಿನಲ್ಲಿ ಗಾಜು ಮಿಂಚುತ್ತದೆ.

ಪಡುವಣದ ಬಿಸಿಲಿಗೆ ಬರೀ ಸೂರು ಸಾಲದು ಎನ್ನುವುದು ಲೆಕ್ಕದ ವಿಷಯ. ನಾವಿರುವುದು ಹೆಚ್ಚುಕಮ್ಮಿ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 25ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ನೆತ್ತಿಯ ಸೂರ್ಯನನ್ನು ಯಾವ ಮಾಡಾದರೂ ತಡೆದೀತು. ಇಳಿಹೊತ್ತಿನವನು ಹಾಗಲ್ಲ. ಮಾರ್ಚಿ ಕೊನೆಯಲ್ಲಿ, ನೆಲದಿಂದ 7 ಅಡಿ ಎತ್ತರದ ಸೂರಿನಂಚಿನ ಕೆಳಗಿನಿಂದ ನಾಲ್ಕೂವರೆಗೆ ನುಗ್ಗಿದ ಬಿಸಿಲು ಹತ್ತಿರ ಹತ್ತಿರ 12 ಅಡಿ ಒಳಗೆ ಬರುತ್ತದೆ. ಐದೂವರೆಗೆ 25 ಅಡಿ. ಜಗಲಿ ದಾಟಿ, ಹಜಾರ ದಾಟಿ, ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಕೂರುತ್ತದೆ. ಅಣ್ಣನ ಹೊಸ ಮಾಡಂತೂ 11 ಅಡಿ. ಆ ಬಿಸಿಲನ್ನು ತಡೆಯುವಷ್ಟುದ್ದ ಚಾಚುವ ಸೂರು ಕಟ್ಟಿದರೆ ಮನೆಗಿಂತ ಸೂರೇ ದೊಡ್ಡದು. ಅಡ್ಡ ಬರುವುದಕ್ಕೆ ಅಡ್ಡವೇ ಹಿಡಿಯಬೇಕು, ನಾಟಿ ಮಾಡುವ ಹೆಂಗಸರು ಗಾಳಿ ಬಂದ ದಿಕ್ಕಿಗೆ ಗೊರಬು ತಿರುಗಿಸುವ ಹಾಗೆ.

ಮೇಸ್ತ್ರಿ ಕೆಲಸ ಶುರು ಮಾಡಿದ್ದು ಅಳತೆಯಿಂದ. ಮೊದಲೇ ಬಂದು ಅಳೆದುಕೊಂಡು ಹೋಗಿದ್ದರೂ ಮತ್ತೆ ಅಳೆದ. ಎರಡು ಕಂಬಗಳ ನಡುವಿನ ಅಗಲವನ್ನು ಮೇಲೆ ಒಮ್ಮೆ, ನಡುವೆ ಒಮ್ಮೆ, ಕೆಳಗೆ ಒಮ್ಮೆ. ಮೂರೂ ಬೇರೆ ಬೇರೆ ಬಂತು.

“ಕಂಬ ಕಾಲು ಇಂಚು ವಾಲಿದೆ ಸಾರ್.”

“ಇಂಜಿನಿಯರ್ ನಿಂತು ಕಟ್ಸಿದ್ದು ಮಾರಾಯ!” ಎಂದ ಅಣ್ಣ.

“ಇಂಜಿನಿಯರ್ ವಾಲಿದ್ರೇನೋ” ಎಂದು ಹುಡುಗ ಗೊಣಗಿ, ಮೇಸ್ತ್ರಿಯ ಕಣ್ಣು ಕಂಡು ರಸಮಟ್ಟ ತರಲು ಓಡಿದ.

ಕಾಲು ಇಂಚು ಎಂದರೆ ತಮಾಷೆಯಲ್ಲ. ಪರದೆಯ ಎರಡೂ ಅಂಚಿಗೆ ಜಿಪ್ ಹೊಲಿದಿರುತ್ತದೆ, ಅದು ಕಂಬಕ್ಕೆ ಕೂರಿಸಿದ ಅಲ್ಯೂಮಿನಿಯಂ ಹಳಿಯೊಳಗೆ ಏರಿಳಿಯುತ್ತದೆ. ಹಳಿ ಎರಡೂ ಸಮಾನಾಂತರವಾಗಿ ನಿಲ್ಲದಿದ್ದರೆ ಅರ್ಧಕ್ಕೆ ಸಿಕ್ಕಿಕೊಂಡು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ವಾಲಿದ ಕಂಬದ ಕೆಳಬದಿಗೆ ಪಟ್ಟಿ ಕೊಟ್ಟು ತೂಗುಗುಂಡು ಬಿಟ್ಟು ನೋಡಿದ ಮೇಲೆಯೇ ಡ್ರಿಲ್ ಮಿಷನ್ ಕೈಗೆ ಬಂದದ್ದು. ಹೊಸ ಕಂಬ ಕಾಂಕ್ರೀಟಿನದು, ಫಾಸ್ನರ್ ಗಟ್ಟಿಯಾಗಿ ಕಚ್ಚಿತು. ಜಂಬಿಟ್ಟಿಗೆಯ ಗೋಡೆಯಾಗಿದ್ದರೆ ಕಷ್ಟ. ರಂಧ್ರ ಕೊರೆದರೆ ಬೆಲ್ಲದ ಅಚ್ಚಿನ ಹಾಗೆ ಪುಡಿಯುದುರುತ್ತದೆ, ಅಂಥಲ್ಲಿ ಮೇಲಿನ ಮರದ ತೊಲೆಗೇ ಕಟ್ಟಬೇಕು. 14 ಅಡಿ ಅಗಲಕ್ಕೆ ಒಂದೇ ಪರದೆ ಸಾಕು ಎಂದು ಅಣ್ಣನ ಹಟವಿತ್ತು. ಅಷ್ಟುದ್ದದ ಪೈಪು ತನ್ನ ಭಾರಕ್ಕೆ ತಾನೇ ನಡುವೆ ಜೋತು ಬಿದ್ದು ಬಟ್ಟೆ ಸುಕ್ಕುಗಟ್ಟುತ್ತದೆ ಎಂದು ಮೇಸ್ತ್ರಿ ಮೊದಲೇ ವಾದಿಸಿ ಎರಡು ಮಾಡಿಸಿದ್ದ, ನಡುವೆ ಒಂದು ಕಬ್ಬಿಣದ ಕಂಬ.

ಬಟ್ಟೆ ಪಾಲಿಯೆಸ್ಟರ್ ನೂಲಿನದು, ಮೇಲೆ ಪಿವಿಸಿ ಲೇಪ. ಕೈಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರೆ ಸೊಳ್ಳೆಪರದೆಗಿಂತ ಸಣ್ಣ ಕಂಡಿಗಳು. ಈ ಕಂಡಿಯ ಲೆಕ್ಕದಲ್ಲೇ ಅದರ ಜಾತಿ: ನೂರಕ್ಕೆ 1, 3, 5, 10 ಪಾಲು ತೆರಪು. ಕಾಫಿ ನರ್ಸರಿಗೆ ಶೇಡ್ ನೆಟ್ ತರುವಾಗ 50 ಬೇಕೋ 75 ಬೇಕೋ ಎಂದು ಕೇಳುವ ಹಾಗೆಯೇ. ಅಣ್ಣ ಆರಿಸಿದ್ದು 5. ಬಣ್ಣ ಕಪ್ಪಿಗೆ ತಿರುಗಿದ ಬೂದಿ. ಬಿಳಿಯದು ತಾನೇ ಬಿಸಿಲನ್ನು ತಿರುಗಿಸುವುದು, ಕಪ್ಪು ಹೀರುವುದಿಲ್ಲವೇ ಎಂದು ನಾನು ಕೇಳಿದೆ.

“ಹೀರ್ಲಿ ಬಿಡಿ ಸಾರ್, ಹೊರಗೆ ತಾನೇ ಇರೋದು” ಎಂದ ಮೇಸ್ತ್ರಿ. “ಬಿಳಿ ಹಾಕಿದ್ರೆ ಬಿಸಿಲಿಗೆ ಅದೇ ಬೆಳಗಿ ಕಣ್ಣಿಗೆ ಹೊಡಿಯುತ್ತೆ, ಗುಡ್ಡ ಕಾಣಲ್ಲ. ಕಪ್ಪಾದ್ರೆ ಅದು ಇರೋದೇ ಗೊತ್ತಾಗಲ್ಲ.”

ಆ ಮಾತಿನ ನಿಜ ಸ್ವಲ್ಪ ಹೊತ್ತಿನಲ್ಲೇ ಕಾಣುವುದಿತ್ತು. ಅಲ್ಲಿಯವರೆಗೆ ಕಾಫಿ ಬಂತು, ಜೊತೆಗೆ ಕೋಡುಬಳೆ. ಕುಡಿಯುತ್ತ ಮೇಸ್ತ್ರಿ ತನ್ನ ಕಷ್ಟದ ಪುರಾಣ ಬಿಚ್ಚಿದ. ಈ ವಸ್ತು ಹುಟ್ಟಿದ್ದು ಮಲೆನಾಡಿಗಾಗಿ ಅಲ್ಲ. ಕಳಸದ ಕಡೆ ಒಂದು ಮನೆಗೆ ಹಳಿಯಿಲ್ಲದೆ ಬರೀ ತಂತಿಯ ಆಸರೆಯಲ್ಲಿ ಇಳಿಬಿಡುವ ಅಗ್ಗದ ಪರದೆ ಹಾಕಿದ್ದರಂತೆ; ಕುದುರೆಮುಖದ ದಿಕ್ಕಿನಿಂದ ಬಂದ ಮೇ ತಿಂಗಳ ಗುಡುಗು ಮಳೆಯ ಗಾಳಿ ಒಂದೇ ಸಂಜೆಗೆ ಅದನ್ನು ಬಾವುಟ ಮಾಡಿತು. ಜಿಪ್ಪಿನದು ತಾಳಿಕೊಳ್ಳುತ್ತದೆ, ಆದರೂ ಬಿರುಗಾಳಿಗೆ ಎತ್ತಿಬಿಡುವುದೇ ಸರಿ. ಒದ್ದೆಯಾಗಿರುವಾಗ ಸುತ್ತಿ ಪೆಟ್ಟಿಗೆಗೆ ಸೇರಿಸಿದರೆ ಎಂಟೇ ದಿನಕ್ಕೆ ಬೂಷ್ಟು. ಆಷಾಢದಲ್ಲಿ ಒಣಗುವುದೇ ಇಲ್ಲವಲ್ಲ, ಹಾಗಾದರೆ ಮಳೆಗಾಲವಿಡೀ ಏನು ಮಾಡುವುದು? ಎತ್ತಿಟ್ಟು ಮರೆತುಬಿಡಿ, ಆಗ ಹೇಗೂ ಸೂರ್ಯನೇ ಇಲ್ಲ ಎಂಬುದು ಅವನ ಉತ್ತರ. ಎರಚಲು ತಡೆಯಲು ಇದನ್ನೇ ಬಳಸುವವರೂ ಇದ್ದಾರೆ; ಕಂಡಿಯಿರುವ ಬಟ್ಟೆ ತುಂತುರನ್ನು ಸೋಸಿ ಒಳಗೆ ಕಳಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಆ ಕೆಲಸಕ್ಕೆ ಟಾರ್ಪಾಲೇ ಗತಿ. ಇನ್ನು ಮಂಗ. ಕೆಳಪಟ್ಟಿ ಹಿಡಿದು ಜೋಲಿ ಆಡುವುದೆಂದರೆ ಅದಕ್ಕೆ ಪ್ರೀತಿ. ಮೇಲಿನ ಪೆಟ್ಟಿಗೆಯ ಸಂದಿಯಲ್ಲಿ ಕಣಜ ಗೂಡಿಡುತ್ತದೆ, ಪೆಟ್ಟಿಗೆಯ ತುದಿಗೆ ಸೂರಕ್ಕಿ ಜೋತಾಡುವ ಮನೆ ಕಟ್ಟುತ್ತದೆ.

“ಸೂರಕ್ಕಿ ಗೂಡು ಕಟ್ಟಿದ್ರೆ ಏನ್ ಮಾಡ್ತೀರಿ?”

“ಮರಿ ಹಾರೋಗ ತಂಕ ಇಳಿಸಂಗಿಲ್ಲ ಅಂತಾರೆ ಮನೆ ಹೆಂಗಸರು. ಇಳಿಸಲ್ಲ.”

ಮೋಟರಿನದು ಬೇಕೆಂದು ಅಣ್ಣನಿಗೆ ಆಸೆಯಿತ್ತು, ರಿಮೋಟು ಒತ್ತಿದರೆ ಇಳಿಯುವಂಥದ್ದು. ಗಾಳಿ ಜೋರಾದರೆ ತಾನೇ ಸುತ್ತಿಕೊಳ್ಳುವ ಸಾಧನವೂ ಜೊತೆಗೆ ಸಿಗುತ್ತದೆ. ಆದರೆ ಗಾಳಿ ಜೋರಾದ ಗಳಿಗೆಗೇ ಇಲ್ಲಿ ಸಿಲ್ವರ್ ಓಕಿನ ಕೊಂಬೆ ತಂತಿ ಮೇಲೆ ಬಿದ್ದು ಕರೆಂಟು ಹೋಗುವುದು ಕ್ರಮ. ಕೊನೆಗೆ ಹ್ಯಾಂಡಲ್ ತಿರುಗಿಸುವುದೇ ನಿಶ್ಚಯವಾಯಿತು. ಅಣ್ಣನ ಜೀವನದ ಕೆಲವೇ ವಿವೇಕದ ತೀರ್ಮಾನಗಳಲ್ಲಿ ಇದೂ ಒಂದು.

ನಾಲ್ಕೂ ಮುಕ್ಕಾಲರ ಸುಮಾರಿಗೆ ಎರಡನೇ ಪರದೆಯೂ ಹಳಿಗೆ ಕೂತಿತು. ಹೊತ್ತು ಸರಿಯಾಗಿಯೇ ಇತ್ತು: ಬಿಸಿಲು ಜಗಲಿಯನ್ನು ಪೂರ್ತಿ ನುಂಗಿ, ಗಾಜು ದಾಟಿ, ಒಳಗಿನ ಕೆಂಪು ನೆಲದ ಮೇಲೆ ಕಣ್ಣು ಕೋರೈಸುವ ಹಾಗೆ ಹಾಸಿಕೊಂಡಿತ್ತು. ಹುಡುಗ ಹ್ಯಾಂಡಲ್ ಸಿಕ್ಕಿಸಿ ತಿರುಗಿಸತೊಡಗಿದ. ಪಲ್ಪರಿಗೆ ಹಣ್ಣು ಬೀಳುವಾಗಿನಂಥ ಸಣ್ಣ ಸರಸರ. ಕೆಳಪಟ್ಟಿ ಗುಡ್ಡದ ನೆತ್ತಿ ದಾಟಿತು, ಹೆಗಲು ದಾಟಿತು, ಕಣಿವೆಯ ತೋಟ ದಾಟಿ ಜಗಲಿಯ ಕಟ್ಟೆಗೆ ಬಂದು ನಿಂತಿತು. ಒಳಗಿನ ನೆಲದ ಮೇಲಿನ ಬೆಂಕಿ, ಯಾರೋ ಉಫ್ ಎಂದು ಊದಿದ ಹಾಗೆ ಆರಿತು. ಕತ್ತಲೆಯಾಗಲಿಲ್ಲ. ಹಾಲುವಾಣದ ಅಡಿ ನಿಂತಾಗ ಇರುವಂಥ ಬೆಳಕು, ಪುಸ್ತಕ ಓದುವಷ್ಟು. ಗುಡ್ಡದ ಸಾಲು ಹಾಗೇ ಇತ್ತು, ಮೇಸ್ತ್ರಿ ಹೇಳಿದಂತೆ; ಬರೀ ಕಣ್ಣಿಗೆ ಬಿಸಿಲಿನ ಮಬ್ಬಲ್ಲಿ ಕಾಣದಿದ್ದ ಹಿಂದಿನ ಎರಡು ಸಾಲು ಈಗ ಕಂಡವು. ಸೂರ್ಯ ಕಂಡಿಗಳ ಹಿಂದೆ ಹಿತ್ತಾಳೆ ತಟ್ಟೆಯಾಗಿದ್ದ. ಕೈಯಿಂದ ಗಾಜು ಮುಟ್ಟಿದೆ, ಇನ್ನೂ ಬಿಸಿ. ಅರ್ಧ ಗಂಟೆ ಬಿಟ್ಟು ಮುಟ್ಟಿದರೆ ಕಾದಾರಿದ ನೀರಿನ ಲೋಟದಷ್ಟು.

ನೆಲ ಮಾತ್ರ ಬೇಗ ಬಿಟ್ಟುಕೊಡಲಿಲ್ಲ. ಮೂರು ವರ್ಷದ ಅಭ್ಯಾಸ, ಅಂಗಾಲಿಗೆ ಬೆಚ್ಚಗೆ ಹತ್ತುತ್ತಲೇ ಇತ್ತು. ಹೆಂಚಿನ ಮನೆಯ ಜಗಲಿಯಿಂದ ದೊಡ್ಡಮ್ಮ ಎದ್ದು ಬಂದರು. ಹೋಂಸ್ಟೇ ಆದ ಮೇಲೆ ಮಧ್ಯಾಹ್ನದ ಹೊತ್ತು ಅವರು ಆ ಕಡೆ ಕಾಲಿಟ್ಟದ್ದು ಕಡಿಮೆ. ಪರದೆಯನ್ನು ಹೊರಗಿನಿಂದಲೂ ಒಳಗಿನಿಂದಲೂ ಮುಟ್ಟಿ ನೋಡಿ ಬೆತ್ತದ ಕುರ್ಚಿಯಲ್ಲಿ ಕೂತರು. ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ, ಒಳಗಿನವರಿಗೆ ಹೊರಗಿನದೆಲ್ಲ ಕಾಣುತ್ತದೆ ಎಂಬುದು ಅವರಿಗೆ ತುಂಬ ಹಿಡಿಸಿತು. ಕಣದಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಮಾತಾಡುತ್ತ ನಿಂತಿದ್ದಾರೆ, ಎಲ್ಲ ಲೆಕ್ಕ ಸಿಗುತ್ತದಲ್ಲ!

ಕಣದಲ್ಲಿ ರೊಬಸ್ಟಾ ಚೆರ್ರಿಯ ಕೊನೆಯ ಒಣಗು. ಅದಕ್ಕೆ ಬೇಕಾದದ್ದು ಇದೇ ಬಿಸಿಲು, ಎಷ್ಟಿದ್ದರೂ ಸಾಲದು. ಜಗಲಿ ಬೇಡವೆಂದು ತಳ್ಳಿದ್ದನ್ನು ಇಪ್ಪತ್ತು ಮಾರು ಆಚೆ ಕಣ ಬೊಗಸೆಯೊಡ್ಡಿ ತುಂಬಿಕೊಳ್ಳುತ್ತಿತ್ತು. ಐದೂವರೆಗೆ ಇಬ್ಬರು ಹೆಂಗಸರು ಚೆರ್ರಿಯನ್ನು ಗುಡ್ಡೆ ಎಳೆದು, ಮಂಜಿಗೆ ನೆನೆಯದಂತೆ ಟಾರ್ಪಾಲು ಬಿಡಿಸತೊಡಗಿದರು. ಆರಕ್ಕೆ ಅತಿಥಿಗಳ ಕಾರು ಬರುವುದಿತ್ತು. ಅಣ್ಣ ಹ್ಯಾಂಡಲ್ ತಾನೇ ಹಿಡಿದು ಪರದೆ ಎತ್ತಿದ. ಅಲ್ಲಿ ಟಾರ್ಪಾಲು ಇಳಿಯಿತು, ಇಲ್ಲಿ ತಟ್ಟಿ ಏರಿತು. ಕೆಂಪಾಗಿ ಸೌಮ್ಯನಾದ ಸೂರ್ಯ ಗುಡ್ಡದ ಮೇಲೆ ನಾಲ್ಕು ಬೆರಳು ಎತ್ತರದಲ್ಲಿದ್ದ.

ಸಾಮಾನು ಕಟ್ಟುತ್ತಿದ್ದ ಮೇಸ್ತ್ರಿಯನ್ನು ದೊಡ್ಡಮ್ಮ ಕರೆದರು.

“ಇದು ಕೊಟ್ಟಿಗೆಗೆ ಆಗುತ್ತಾ?”

“ಕೊಟ್ಟಿಗೆಗಾ ಅಮ್ಮ?”

“ಹೂಂ, ಪಡುವಣ ಕಡೆ ತೆರೆದೇ ಇದೆ. ಆ ಕರು ಮೂರು ಗಂಟೆ ಆಯ್ತೂಂದ್ರೆ ಮೂಲೆಗೆ ಹೋಗಿ ನಿಂತ್ಕಳತ್ತೆ. ಅದಕ್ಕೇನು ಬಿಸಿಲು ತಾಗಲ್ವಾ?”

ಅಣ್ಣ ಬೇಡ ಎನ್ನುವಂತೆ ಮೇಸ್ತ್ರಿಯ ಕಡೆ ಕಣ್ಣು ಮಾಡಿದ. ಮೇಸ್ತ್ರಿ ಒಮ್ಮೆ ಅವನನ್ನು ನೋಡಿದ, ಒಮ್ಮೆ ದೊಡ್ಡಮ್ಮನನ್ನು ನೋಡಿದ. ಆಮೇಲೆ ಚೀಲದಿಂದ ಟೇಪು ತೆಗೆದು ಹುಡುಗನ ಕೈಗೆ ಒಂದು ತುದಿ ಕೊಟ್ಟು ಕೊಟ್ಟಿಗೆಯ ಕಡೆ ನಡೆದ.